ಹೆಚ್ಚಾದವರು ಯಾರು?

ಸಂಜೆ ಆರರ ನಂತರ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೊರಡುವ ಯಾವುದಾದರೂ ಸಿಟಿ ಬಸ್ಸನ್ನು ಹತ್ತಿ ನೋಡಿ. ಬಾಗಿಲಿನ ಕಂಬಿ ಹಿಡಿದು ನೇತಾಡುವವನು, ಊಟದ ಡಬ್ಬಿಯ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತವನು, ಹೇಗೋ ಸೀಟು ಗಿಟ್ಟಿಸಿ ಕುಳಿತವನು, ಮೂವರ ಬಾಯಲ್ಲೂ ಒಂದೇ ಮಾತು: 'ಜನ ವಿಪರೀತ ಜಾಸ್ತಿಯಾಗ್ಬಿಟ್ರು ಸಾರ್.' ಪಕ್ಕದವರು ಹೌದೆಂದು ತಲೆಯಾಡಿಸುತ್ತಾರೆ. ನಾವೂ ಎಷ್ಟೋ ಸಲ ತಲೆಯಾಡಿಸಿದ್ದೇವೆ, ನಾವೇ ಆ ಮಾತನ್ನು ಆಡಿದ್ದೂ ಉಂಟು. ಆಡುವಾಗ ಆ ಜಾಸ್ತಿಯಾದವರ ಪಟ್ಟಿಯಲ್ಲಿ ನಮ್ಮ ಹೆಸರನ್ನಾಗಲಿ, ಮನೆಯಲ್ಲಿ ಕಾಯುತ್ತಿರುವ ನಮ್ಮ ಮಕ್ಕಳ ಹೆಸರನ್ನಾಗಲಿ ಸೇರಿಸಿಕೊಂಡದ್ದು ಮಾತ್ರ ನೆನಪಿಲ್ಲ. ಹೆಚ್ಚಾದವರು ಯಾವಾಗಲೂ ಬೇರೆಯವರೇ.

ಈ ಮಾತು ಬಸ್ಸಿನಲ್ಲೇ ಇಳಿದುಹೋಗುವಂತಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಅದು ಶಾಸನಸಭೆಗೆ ಹೋಗುತ್ತದೆ, ಚುನಾವಣಾ ಭಾಷಣಕ್ಕೆ ಹೋಗುತ್ತದೆ, ಶಸ್ತ್ರಚಿಕಿತ್ಸೆಯ ಶಿಬಿರಕ್ಕೂ ಹೋಗುತ್ತದೆ. ಅಲ್ಲಿಗೆ ಹೋದಾಗ ಆ 'ಬೇರೆಯವರು' ಯಾರು ಎಂಬುದನ್ನು ಯಾರಾದರೊಬ್ಬರು ನಿರ್ಧರಿಸಲೇಬೇಕಾಗುತ್ತದೆ. ಯಾರು ನಿರ್ಧರಿಸುತ್ತಾರೆ, ಯಾವ ಹಕ್ಕಿನಿಂದ ನಿರ್ಧರಿಸುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಬಸ್ಸಿನ ಲೆಕ್ಕವನ್ನೇ ನೋಡೋಣ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 65 ಲಕ್ಷ ಜನರಿದ್ದರು. 2011ರಲ್ಲಿ ಅದು 96 ಲಕ್ಷ ದಾಟಿತು. ಹತ್ತೇ ವರ್ಷಗಳಲ್ಲಿ ನೂರಕ್ಕೆ 47ರಷ್ಟು ಹೆಚ್ಚಳ. ಅದೇ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಮೂರು ಸಾವಿರದಷ್ಟು ಇಳಿಯಿತು. ಉಡುಪಿಯಲ್ಲಿ ಏರಿದ್ದು ನೂರಕ್ಕೆ ಆರರಷ್ಟು, ಕೊಡಗಿನಲ್ಲಿ ಒಂದರಷ್ಟು. ಬೆಂಗಳೂರಿನ ತಾಯಂದಿರು ಕೊಡಗಿನ ತಾಯಂದಿರಿಗಿಂತ ನಲವತ್ತು ಪಟ್ಟು ಹೆಚ್ಚು ಹೆತ್ತರೆಂದು ಯಾರೂ ಹೇಳಲಾರರು. ಒಂದು ಊರಿನ ಜನಸಂಖ್ಯೆ ಬದಲಾಗಲು ಇರುವುದು ಮೂರೇ ದಾರಿ: ಹುಟ್ಟು, ಸಾವು, ವಲಸೆ. ಬಸ್ಸಿನ ನೂಕುನುಗ್ಗಲಿನ ದೊಡ್ಡ ಪಾಲು ಮೂರನೆಯ ದಾರಿಯಿಂದ ಬಂದದ್ದು. ಮಲೆನಾಡಿನ ತೋಟದಲ್ಲಿ, ರಾಯಚೂರಿನ ಹೊಲದಲ್ಲಿ, ಒಡಿಶಾದ ಹಳ್ಳಿಯಲ್ಲಿ ಬದುಕು ಸಾಗದೆ ಬಂದವರು ಅವರು. ಕಂಬಿ ಹಿಡಿದು ನೇತಾಡುತ್ತ ಜನ ಜಾಸ್ತಿಯಾದರೆಂದು ಗೊಣಗುವವನೂ ಬಹುಶಃ ಅವರಲ್ಲೊಬ್ಬ. ಬಸ್ಸುಗಳು ಕಡಿಮೆಯಾದವು ಎಂದು ಹೇಳಬೇಕಾದ ಕಡೆ ಜನ ಹೆಚ್ಚಾದರು ಎಂದು ಹೇಳುವುದು ನಮಗೆ ಅಭ್ಯಾಸವಾಗಿ ಹೋಗಿದೆ.

ಎಣಿಸುವುದೇ ತಪ್ಪು ಎಂದು ನಾವು ವಾದಿಸುತ್ತಿಲ್ಲ. ಎಷ್ಟು ಮಕ್ಕಳಿದ್ದಾರೆಂದು ತಿಳಿಯದೆ ಶಾಲೆ ಕಟ್ಟಲಾಗದು, ಲಸಿಕೆ ತರಿಸಲಾಗದು, ಪಡಿತರ ಹಂಚಲಾಗದು. ಎಣಿಕೆಗೆ ಸಿಗದ ಮನುಷ್ಯನಿಗೆ ಸರ್ಕಾರದಿಂದ ಏನೂ ಸಿಗುವುದಿಲ್ಲವೆಂಬುದನ್ನು ಅಲೆಮಾರಿ ಸಮುದಾಯಗಳನ್ನು ಕೇಳಿದರೆ ಹೇಳುತ್ತಾರೆ. ಅಂಕಿಗಳ ಮುಂದೆ ಕಣ್ಣು ಮುಚ್ಚಿಕೊಂಡು ನೈತಿಕತೆಯ ಮಾತಾಡುವುದು ಸುಲಭ. ನಾವು ಅಂಕಿಗಳನ್ನೇ ಹಿಡಿದು ಹೋಗೋಣ.

ನಮ್ಮ ಮನೆಗಳ ಅಜ್ಜಿಯಂದಿರನ್ನು 'ನಿಮಗೆ ಮಕ್ಕಳೆಷ್ಟು?' ಎಂದು ಕೇಳಿದರೆ ಒಂದು ಸಂಖ್ಯೆಯ ಉತ್ತರ ಬರುತ್ತಿರಲಿಲ್ಲ. 'ಹೆತ್ತದ್ದು ಒಂಬತ್ತು, ಉಳಿದದ್ದು ಐದು' ಎನ್ನುತ್ತಿದ್ದರು. ಹೋದ ನಾಲ್ವರ ಹೆಸರು, ಅವರು ಹೋದ ತಿಂಗಳು, ಬಂದ ಕಾಯಿಲೆ ಎಲ್ಲವೂ ಅವರಿಗೆ ನೆನಪಿರುತ್ತಿತ್ತು. ಜನಗಣತಿಯ ನಮೂನೆಯಲ್ಲೂ ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿಯೇ ಇವೆ: ಹುಟ್ಟಿದ ಮಕ್ಕಳೆಷ್ಟು, ಬದುಕಿರುವ ಮಕ್ಕಳೆಷ್ಟು. ಜನಸಂಖ್ಯಾಶಾಸ್ತ್ರದ ಬಹುಪಾಲು ವಿಷಯ ಈ ಎರಡು ಉತ್ತರಗಳ ನಡುವಿನ ಅಂತರದಲ್ಲೇ ಅಡಗಿದೆ.

1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ತುಸು ಇಳಿಯಿತು. 1918ರ ಇನ್‌ಫ್ಲುಯೆಂಜಾ ಒಂದೇ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಆಗಿನ ತಾಯಂದಿರು ಕಡಿಮೆ ಹೆತ್ತಿದ್ದರೆ? ಇಲ್ಲ, ಈಗಿಗಿಂತ ಎಷ್ಟೋ ಹೆಚ್ಚು ಹೆತ್ತಿದ್ದರು. ಹುಟ್ಟಿದಷ್ಟೇ ವೇಗದಲ್ಲಿ ಸಾಯುತ್ತಿದ್ದರು, ಅಷ್ಟೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯನ ಸರಾಸರಿ ಆಯಸ್ಸು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. 1971ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕಿಳಿಯಿತು. 1951ರಲ್ಲಿ 36 ಕೋಟಿಯಿದ್ದ ಜನ 2011ರಲ್ಲಿ 121 ಕೋಟಿಯಾದದ್ದು ಹೀಗೆ. ಯಾವುದನ್ನು ನಾವು ಜನಸಂಖ್ಯಾ ಸ್ಫೋಟ ಎಂದು ಕರೆದೆವೋ ಅದು ನಮ್ಮ ಅಜ್ಜಿಯರ ಎರಡು ಉತ್ತರಗಳು ಒಂದಾಗುತ್ತಾ ಬಂದ ಕಥೆ. ಬಾಂಬಿಗೆ ಬಳಸುವ ಶಬ್ದವನ್ನು ಮಕ್ಕಳು ಬದುಕಿ ಉಳಿದದ್ದಕ್ಕೆ ಬಳಸಿದ್ದು ಯಾರ ಬುದ್ಧಿಯೋ!

ಮಕ್ಕಳು ಬದುಕುತ್ತಾರೆಂಬ ಭರವಸೆ ಬಂದ ಮೇಲೆ ಹೆರುವ ಸಂಖ್ಯೆ ತಾನಾಗಿ ಇಳಿಯುತ್ತದೆ. ಮೊದಲು ಸಾವು ಇಳಿಯುತ್ತದೆ, ನಂತರ ಹುಟ್ಟು ಇಳಿಯುತ್ತದೆ. ನಡುವಿನ ಒಂದೆರಡು ತಲೆಮಾರು ಜನ ಏರುತ್ತಾರೆ. ಯುರೋಪಿನಲ್ಲಿ ಆದದ್ದು ಇದೇ, ನಮ್ಮಲ್ಲಿ ಆದದ್ದೂ ಇದೇ. ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದಕ್ಕೆ ಒಟ್ಟು ಫಲವತ್ತತೆಯ ದರ ಎನ್ನುತ್ತಾರೆ. ತಂದೆ ತಾಯಿಯರ ಜಾಗವನ್ನು ಮಕ್ಕಳು ತುಂಬಲು ಅದು 2.1 ಇದ್ದರೆ ಸಾಕು. 1950ರ ದಶಕದ ಆರಂಭದಲ್ಲಿ ಭಾರತದಲ್ಲಿ ಅದು ಆರರ ಹತ್ತಿರ ಇತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ 3.4, 2019-21ರಲ್ಲಿ 2.0. ಕರ್ನಾಟಕದಲ್ಲಿ 1.7. ಅಂದರೆ ಬಸ್ಸಿನಲ್ಲಿ ನಾವು ಗೊಣಗುತ್ತಿರುವ ಹೊತ್ತಿಗೆ ಕರ್ನಾಟಕದ ತಾಯಂದಿರು ತಮ್ಮ ಮತ್ತು ತಮ್ಮ ಗಂಡಂದಿರ ಜಾಗ ತುಂಬುವಷ್ಟು ಮಕ್ಕಳನ್ನೂ ಹೆರುತ್ತಿಲ್ಲ.

ಹಾಗಿದ್ದರೆ ಒಟ್ಟು ಸಂಖ್ಯೆ ಇನ್ನೂ ಏಕೆ ಏರುತ್ತಿದೆ? ಅಡಿಕೆ ತೋಟ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ವರ್ಷ ಹೊಸ ಸಸಿ ನೆಡುವುದನ್ನು ಕಡಿಮೆ ಮಾಡಿದರೂ, ಹಿಂದೆ ನೆಟ್ಟ ಸಸಿಗಳು ಒಂದೊಂದಾಗಿ ಫಲಕ್ಕೆ ಬರುವಷ್ಟು ಕಾಲ ಫಸಲು ಏರುತ್ತಲೇ ಹೋಗುತ್ತದೆ. ಹಿಂದಿನ ತಲೆಮಾರಿನಲ್ಲಿ ಹುಟ್ಟಿದ ಹುಡುಗಿಯರು ಇಂದು ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ಅವರು ಒಬ್ಬೊಬ್ಬರು ಎರಡೇ ಹೆತ್ತರೂ ಅವರ ಸಂಖ್ಯೆಯೇ ದೊಡ್ಡದು. ಆದ್ದರಿಂದ ದೇಶದ ಜನಸಂಖ್ಯೆ 2060ರ ದಶಕದ ಆರಂಭದವರೆಗೂ ಏರಿ, 170 ಕೋಟಿಯ ಹತ್ತಿರ ಹೋಗಿ, ಆಮೇಲೆ ಇಳಿಯಲಿದೆಯೆಂದು ವಿಶ್ವಸಂಸ್ಥೆಯ 2024ರ ಅಂದಾಜು. ಈ ಏರಿಕೆಯನ್ನು ತೋರಿಸಿ 'ಇವರಿಗೆ ಕಾನೂನೇ ಮದ್ದು' ಎನ್ನುವವರು, ಈಗಾಗಲೇ ಬೆಳೆದು ನಿಂತ ಮರಗಳಿಗೆ ಶಿಕ್ಷೆ ಕೊಡಲು ಹೊರಟವರು.

ಜನ ಹೆಚ್ಚಾದರು ಎಂಬ ಮಾತನ್ನು ಮೊದಲು ಶಾಸ್ತ್ರವಾಗಿಸಿದವರು ಇಂಗ್ಲೆಂಡಿನ ಪಾದ್ರಿ ಥಾಮಸ್ ಮಾಲ್ಥಸ್. 1798ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದು, ಜನ ಗುಣಿಸುತ್ತಾ ಬೆಳೆಯುತ್ತಾರೆ, ಅನ್ನ ಕೂಡುತ್ತಾ ಬೆಳೆಯುತ್ತದೆ, ಆದ್ದರಿಂದ ಹಸಿವು ರೋಗಗಳು ಜನರನ್ನು ಸವರುತ್ತಲೇ ಇರಬೇಕು ಎಂದು. 1803ರ ಎರಡನೇ ಆವೃತ್ತಿಯಲ್ಲಿ ಅವರು ಇನ್ನೂ ಮುಂದೆ ಹೋಗಿ, ತುಂಬಿದ ಜಗತ್ತಿನಲ್ಲಿ ಹುಟ್ಟಿದ ಬಡವನಿಗೆ ಪ್ರಕೃತಿಯ ಔತಣದಲ್ಲಿ ಎಲೆ ಹಾಕಿಲ್ಲವೆಂಬ ಅರ್ಥದ ಮಾತು ಬರೆದರು. ಟೀಕೆಗಳು ಬಂದ ಮೇಲೆ ಮುಂದಿನ ಆವೃತ್ತಿಗಳಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಮಾತು ಉಳಿಯಿತು. 1805ರಿಂದ ಸಾಯುವವರೆಗೆ, ಅಂದರೆ 1834ರವರೆಗೆ, ಮಾಲ್ಥಸ್ ಪಾಠ ಹೇಳಿದ್ದು ಹೇಲಿಬರಿಯ ಈಸ್ಟ್ ಇಂಡಿಯಾ ಕಾಲೇಜಿನಲ್ಲಿ. ಭಾರತವನ್ನು ಆಳಲು ಬರುತ್ತಿದ್ದ ಕಂಪನಿಯ ತರುಣ ಅಧಿಕಾರಿಗಳು ಅರ್ಥಶಾಸ್ತ್ರ ಕಲಿತದ್ದು ಅವರ ಬಳಿ.

ಆ ಪಾಠದ ಫಲವನ್ನು ಉಂಡವರಲ್ಲಿ ಮೈಸೂರಿನವರೂ ಇದ್ದಾರೆ. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದ 1876-78ರ ಕ್ಷಾಮದ ಮೊದಲು, 1871ರ ಎಣಿಕೆಯಲ್ಲಿ, ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನರಿದ್ದರು. 1881ರ ಎಣಿಕೆಯಲ್ಲಿ ಸಿಕ್ಕಿದ್ದು 42 ಲಕ್ಷಕ್ಕೂ ಕಡಿಮೆ. ಆ ವರ್ಷಗಳಲ್ಲೇ ಭಾರತದಿಂದ ಇಂಗ್ಲೆಂಡಿಗೆ ಧಾನ್ಯ ಹಡಗೇರುತ್ತಿತ್ತು. ಭಾರತದ ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆಂಬುದು ಆಗಿನ ವೈಸರಾಯ್ ಲಿಟ್ಟನ್‌ನ ವಾದವಾಗಿತ್ತು. ಮಾಲ್ಥಸ್ ಲೆಕ್ಕ ನಿಜವಾಗಿದ್ದರೆ, ಆರರಲ್ಲಿ ಒಂದು ಭಾಗ ಜನ ಸತ್ತ ಮೇಲೆ ಉಳಿದವರಾದರೂ ಹೊಟ್ಟೆ ತುಂಬ ಉಣ್ಣಬೇಕಿತ್ತು. ಉಂಡ ದಾಖಲೆ ಎಲ್ಲಿಯೂ ಇಲ್ಲ. ಬರಗಾಲದಲ್ಲಿ ಜನ ಸಾಯುವುದು ಅನ್ನ ಇಲ್ಲದ್ದಕ್ಕಿಂತ ಹೆಚ್ಚಾಗಿ, ಇರುವ ಅನ್ನವನ್ನು ಪಡೆಯುವ ಶಕ್ತಿ ಇಲ್ಲದೆ ಎಂದು ಅಮರ್ತ್ಯ ಸೇನ್ 1981ರಲ್ಲಿ ಬಂಗಾಳದ 1943ರ ಕ್ಷಾಮವನ್ನು ಮುಂದಿಟ್ಟು ತೋರಿಸಿದರು. ಧಾತು ವರ್ಷದಲ್ಲಿ ಸತ್ತ ಒಕ್ಕಲಿಗನಿಗೂ ನೇಕಾರನಿಗೂ ಅದು ತಿಳಿಯದ ವಿಷಯವೇನಾಗಿರಲಿಲ್ಲ.

ಮಾಲ್ಥಸ್‌ಗಿಂತ ನಾಲ್ಕು ಶತಮಾನಗಳ ಮೊದಲು ಇನ್ನೊಬ್ಬರು ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಟ್ಯುನಿಸ್‌ನ ಇಬ್ನ್ ಖಲ್ದೂನ್. ಹದಿಹರೆಯದಲ್ಲೇ ಪ್ಲೇಗ್ ಅವರ ತಂದೆ ತಾಯಿಯನ್ನು ಕೊಂಡೊಯ್ದಿತು. ಊರುಗಳು ಖಾಲಿಯಾದದ್ದನ್ನು ಅವರು ಕಣ್ಣಾರೆ ಕಂಡರು. 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಅವರು ಜನಸಂಖ್ಯೆಯನ್ನು ನಾಗರಿಕತೆಯ ಬಂಡವಾಳವಾಗಿ ನೋಡುತ್ತಾರೆ: ಹಲವು ಕೈಗಳು ಸೇರಿ ಕೆಲಸ ಹಂಚಿಕೊಂಡಾಗ, ಒಬ್ಬೊಬ್ಬರು ತಮಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚನ್ನು ದುಡಿಯುತ್ತಾರೆ, ಊರು ಸಮೃದ್ಧವಾಗುತ್ತದೆ, ಆಳುವವರು ಅನ್ಯಾಯದ ತೆರಿಗೆ ಹೇರಿದಾಗ ಜನ ಕೈಚೆಲ್ಲುತ್ತಾರೆ, ಊರು ಬರಿದಾಗುತ್ತದೆ. ಮಾಲ್ಥಸ್‌ಗೆ ಮನುಷ್ಯ ಮೊದಲು ಕಂಡದ್ದು ಉಣ್ಣುವ ಬಾಯಾಗಿ, ಖಲ್ದೂನ್‌ಗೆ ದುಡಿಯುವ ಕೈಯಾಗಿ. ಪೂರ್ವಜರ ಬಗ್ಗೆ ಹೆಮ್ಮೆ ಪಟ್ಟುಕೊಳ್ಳಲು ಇದನ್ನು ಹೇಳುತ್ತಿಲ್ಲ. ಇಬ್ಬರ ನೋಟದಲ್ಲೂ ಒಂದು ಕೊರತೆಯಿದೆ ಎಂದೇ ನಮ್ಮ ಅನುಮಾನ. ಬಾಯಿಯೂ ಅಲ್ಲದ, ಕೈಯೂ ಅಲ್ಲದ, ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಈ ಲೆಕ್ಕಗಳಲ್ಲಿ ಎಲ್ಲಿ ಬರೆಯುವುದು?

ಸ್ವತಂತ್ರ ಭಾರತ ಕುಟುಂಬ ಯೋಜನೆಯನ್ನು 1952ರಲ್ಲಿ ಸರ್ಕಾರದ ಕಾರ್ಯಕ್ರಮವಾಗಿ ಎತ್ತಿಕೊಂಡಿತು. ಮೈಸೂರು ಸಂಸ್ಥಾನ ಅದಕ್ಕೂ ಮೊದಲೇ, 1930ರಲ್ಲಿ, ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದಿತ್ತು. 1950ರ ದಶಕದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ 1961ರಲ್ಲಿ ಪ್ರಕಟವಾಯಿತು. ಹಳ್ಳಿಯ ಓದು ಬರಹ ಬಾರದ ಹೆಂಗಸರಲ್ಲೂ ಬಹಳಷ್ಟು ಮಂದಿ, ನಾಲ್ಕಾರು ಮಕ್ಕಳಾದ ಮೇಲೆ ಇನ್ನು ಸಾಕು ಎನ್ನುತ್ತಿದ್ದರೆಂದು ಅದರಿಂದ ತಿಳಿಯಿತು. ಅವರಿಗೆ ಬೇಕಿದ್ದದ್ದು ತಿಳಿವಳಿಕೆ, ಒಳ್ಳೆಯ ಆಸ್ಪತ್ರೆ, ಗಂಡನ ಮತ್ತು ಅತ್ತೆಯ ಒಪ್ಪಿಗೆ. ಆದರೆ ದೆಹಲಿಗೆ ಅವಸರವಿತ್ತು.

ಆ ಅವಸರ ಎಲ್ಲಿಗೆ ಹೋಯಿತೆಂಬುದು ತುರ್ತು ಪರಿಸ್ಥಿತಿಯ ಕಾಲದಲ್ಲಿ ಕಂಡಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಹೆಚ್ಚಿನವು ಗಂಡಸರ ಮೇಲೆ. ಶಿಕ್ಷಕನಿಗೆ ಗುರಿ, ತಹಶೀಲ್ದಾರನಿಗೆ ಗುರಿ, ಪೊಲೀಸನಿಗೆ ಗುರಿ. ಹರ್ಯಾಣದ ಉಟಾವರ್ ಎಂಬ ಮೇವ್ ಮುಸ್ಲಿಮರ ಹಳ್ಳಿಯನ್ನು 1976ರ ನವೆಂಬರ್‌ನಲ್ಲಿ ಪೊಲೀಸರು ಸುತ್ತುವರಿದು ಗಂಡಸರನ್ನು ಎಳೆದೊಯ್ದರು. ಗುರಿ ಮುಟ್ಟಿಸಲು ಸಿಕ್ಕಿದವರು ಬಡವರು, ದಲಿತರು, ಮುಸ್ಲಿಮರು, ರಸ್ತೆ ಬದಿಯ ಕೂಲಿಗಳು. ಹೆಚ್ಚಾದವರು ಯಾರೆಂಬ ಪ್ರಶ್ನೆಗೆ ಅಧಿಕಾರ ಕೊಟ್ಟ ಉತ್ತರ ಅದು. ಯಾರ ಬಾಗಿಲನ್ನು ಒದೆಯುವುದು ಸುಲಭವೋ ಅವರು. 1977ರ ಚುನಾವಣೆಯಲ್ಲಿ ಉತ್ತರ ಭಾರತದ ಮತದಾರ ಇದಕ್ಕೆ ಶಿಕ್ಷೆ ಕೊಟ್ಟ. ಆಮೇಲೆ ಗಂಡಸರ ತಂಟೆಗೆ ಯಾವ ಸರ್ಕಾರವೂ ಹೋಗಲಿಲ್ಲ, ಭಾರವೆಲ್ಲ ಹೆಂಗಸಿನ ಮೇಲೆ ಬಿತ್ತು. 2019-21ರ ಸಮೀಕ್ಷೆಯಲ್ಲಿ ದಂಪತಿಗಳಲ್ಲಿ ಹೆಂಡತಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ನೂರಕ್ಕೆ ಸುಮಾರು 38 ಮನೆಗಳಲ್ಲಿ. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದು ಮನೆಯಲ್ಲೂ ಇಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಾಲು ಕುಡಿಯುವ ಮಕ್ಕಳ ತಾಯಂದಿರಿದ್ದರು.

ಇನ್ನು ನಮ್ಮ ಓದುಗರು ಇಷ್ಟು ಹೊತ್ತು ಕಾಯುತ್ತಿರಬಹುದಾದ ವಿಷಯಕ್ಕೆ ಬರೋಣ. ಈ ದೇಶದಲ್ಲಿ 'ಜನ ಹೆಚ್ಚಾದರು' ಎಂಬ ಮಾತು ಬಹಳ ಸಲ 'ಮುಸ್ಲಿಮರು ಹೆಚ್ಚಾದರು' ಎಂಬ ಮಾತಿನ ಸಭ್ಯ ರೂಪ. ಇದು ಇಂದಿನದಲ್ಲ. 1909ರಲ್ಲೇ ಬಂಗಾಳದ ಯು.ಎನ್. ಮುಖರ್ಜಿ ಹಿಂದೂಗಳು ಸಾಯುತ್ತಿರುವ ಜನಾಂಗವೆಂದು ಕಿರುಪುಸ್ತಕ ಬರೆದಿದ್ದರು. ಅದು ಬಂದು ಶತಮಾನ ದಾಟಿದೆ, ಸಾಯುತ್ತಾರೆಂದವರು ನೂರು ಕೋಟಿಯ ಆಸುಪಾಸಿನಲ್ಲಿದ್ದಾರೆ, ಭಯ ಮಾತ್ರ ಹಾಗೆಯೇ ಇದೆ.

ಅಂಕಿಗಳನ್ನು ಮುಚ್ಚಿಡಬೇಕಾಗಿಲ್ಲ. 1951ರಲ್ಲಿ ದೇಶದ ಜನರಲ್ಲಿ ಮುಸ್ಲಿಮರು ನೂರಕ್ಕೆ 9.8 ಇದ್ದರು, 2011ರಲ್ಲಿ 14.2. ಮುಸ್ಲಿಂ ಮಹಿಳೆಯ ಫಲವತ್ತತೆಯ ದರ ಹಿಂದೂ ಮಹಿಳೆಗಿಂತ ಹೆಚ್ಚು, ನಿಜ. ಆದರೆ 1992-93ರಲ್ಲಿ ಅದು 4.4 ಮತ್ತು 3.3, 2019-21ರಲ್ಲಿ 2.4 ಮತ್ತು 1.9. ಎರಡೂ ಇಳಿದಿವೆ, ಮುಸ್ಲಿಮರದ್ದು ಹೆಚ್ಚು ವೇಗವಾಗಿ ಇಳಿದಿದೆ. ಬಿಹಾರದ ಹಿಂದೂ ತಾಯಿ ಸರಾಸರಿಯಲ್ಲಿ ಕೇರಳದ ಮುಸ್ಲಿಂ ತಾಯಿಗಿಂತ ಹೆಚ್ಚು ಮಕ್ಕಳನ್ನು ಹೆರುತ್ತಾಳೆ. ಅಂದರೆ ಹೆರಿಗೆಯ ಸಂಖ್ಯೆಯನ್ನು ನಿರ್ಧರಿಸುವುದರಲ್ಲಿ ಪಂಚಾಂಗಕ್ಕಿಂತ, ಕಲಿಮಾಕ್ಕಿಂತ, ಹುಡುಗಿ ಎಷ್ಟನೇ ಕ್ಲಾಸಿನವರೆಗೆ ಓದಿದಳು, ಹತ್ತಿರದಲ್ಲಿ ಆಸ್ಪತ್ರೆ ಇದೆಯೇ ಎಂಬುದು ದೊಡ್ಡದು. ನಾಲ್ಕು ಮದುವೆಯ ಮಾತೂ ಅಷ್ಟೆ. ಹೆರುವವರು ಹೆಂಗಸರು, ಒಬ್ಬನಿಗೆ ಇಬ್ಬರು ಹೆಂಡಿರಾದರೆ ಇನ್ನೊಬ್ಬನಿಗೆ ಹೆಂಡತಿ ಸಿಗುವುದಿಲ್ಲವೇ ಹೊರತು ಸಮುದಾಯದಲ್ಲಿ ಹೆಂಗಸರ ಸಂಖ್ಯೆ ಇಮ್ಮಡಿಯಾಗುವುದಿಲ್ಲ.

ಹೀಗೆಂದು ಬರೆದ ಮೇಲೆ ನಮಗೇ ಒಂದು ರೀತಿಯ ನಾಚಿಕೆಯಾಗುತ್ತದೆ. ಎಷ್ಟು ವರ್ಷಗಳಿಂದ ಇದೇ ಅಂಕಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದೇವೆ! 'ನೋಡಿ ಸ್ವಾಮಿ, ನಾವು ಅಷ್ಟೇನೂ ಹೆರುತ್ತಿಲ್ಲ, ಹೆದರಬೇಡಿ' ಎಂದು ನೆರೆಯವರಿಗೆ ಪ್ರಮಾಣಪತ್ರ ಒಪ್ಪಿಸುವ ಹಾಗೆ. ಅಂಕಿಗಳು ನಮ್ಮ ಪರವಾಗಿ ಇವೆಯೆಂಬ ಸಮಾಧಾನದಲ್ಲಿ ನಾವು ಎದುರಾಳಿಯ ಪ್ರಶ್ನೆಯನ್ನೇ ಒಪ್ಪಿಕೊಂಡುಬಿಟ್ಟಿದ್ದೇವೆ. ನಾಳೆ ಅಂಕಿಗಳು ಬೇರೆಯಾದರೆ? ಯಾವುದೋ ಜಿಲ್ಲೆಯ, ಯಾವುದೋ ಸಮುದಾಯದ ಹೆಂಗಸರು ನಾಲ್ಕು ಹೆತ್ತರೆ, ಆ ನಾಲ್ಕನೆಯ ಮಗುವಿಗೆ ಪೌರತ್ವದ ಪಾಲು ಕಡಿಮೆಯೇ? ಒಂದು ಸಮುದಾಯದ ಮಾನ ಅದರ ಫಲವತ್ತತೆಯ ದರದ ಮೇಲೆ ನಿಂತಿದೆ ಎಂದಾದರೆ ಇಳಿಯುವ ದರ ನಮ್ಮನ್ನು ಕಾಪಾಡುತ್ತದೆಂದು ಭಾವಿಸುವುದೂ ಒಂದು ಸೋಲು. ಸುಳ್ಳು ಅಂಕಿಗೆ ನಿಜ ಅಂಕಿಯ ಉತ್ತರ ಕೊಡಲೇಬೇಕು. ಕೊಟ್ಟ ಮೇಲೆ, ನಿಮಗೆ ಈ ಪ್ರಶ್ನೆ ಕೇಳುವ ಅಧಿಕಾರ ಯಾರು ಕೊಟ್ಟರು ಎಂದು ಕೇಳುವುದೂ ಇದೆ. ಆ ಎರಡನೆಯದನ್ನು ನಾವು ಬಹುಕಾಲ ಕೇಳಲಿಲ್ಲ.

ಕೇಳುವ ಮೊದಲು ನಮ್ಮ ಮನೆಯೊಳಗನ್ನೂ ನೋಡಬೇಕಲ್ಲವೇ? ನಮ್ಮ ಮೊಹಲ್ಲಾಗಳ ವೇದಿಕೆಗಳಲ್ಲೂ ಸಂಖ್ಯೆಯೇ ಶಕ್ತಿ ಎಂದು ಗರ್ಜಿಸುವವರಿದ್ದಾರೆ. ಉಮ್ಮತ್ತಿನ ಸಂಖ್ಯಾಬಲದ ಬಗ್ಗೆ ಪ್ರವಾದಿಯವರು ಹೆಮ್ಮೆಪಡುವರೆಂಬ ಹದೀಸನ್ನು ಇವರು ಉಲ್ಲೇಖಿಸುತ್ತಾರೆ. ಸಂಖ್ಯೆಯಲ್ಲಿ ಬಹಳವಿದ್ದೂ ನೆರೆನೀರಿನ ನೊರೆಯಂತಾಗುವ ಕಾಲದ ಬಗ್ಗೆ ಎಚ್ಚರಿಸಿದ ಹದೀಸನ್ನು ಅದೇ ವೇದಿಕೆಯಲ್ಲಿ ಕೇಳಿದವರು ಕಡಿಮೆ. ಭಯ ಹುಟ್ಟಿಸುವವನಿಗೂ ಗರ್ಜಿಸುವವನಿಗೂ ಬೇಕಾದದ್ದು ಒಂದೇ ವಸ್ತು: ಹೆಂಗಸಿನ ಗರ್ಭ. ಒಬ್ಬನಿಗೆ ಅದು ಮುಚ್ಚಬೇಕು, ಇನ್ನೊಬ್ಬನಿಗೆ ಅದು ತೆರೆದಿರಬೇಕು. ಮೂರನೆಯ ಹೆರಿಗೆಯಲ್ಲಿ ರಕ್ತ ಬತ್ತಿಹೋದವಳನ್ನು ಇಬ್ಬರೂ ಕೇಳಿಲ್ಲ.

ಅವಳನ್ನು ಕೇಳಬೇಕೆಂದು ಒಂಬೈನೂರು ವರ್ಷಗಳ ಹಿಂದಿನ ನಮ್ಮ ವಿದ್ವಾಂಸರು ಹೇಳಿದ್ದರು. ಗರ್ಭ ನಿಲ್ಲದಂತೆ ಮಾಡುವ ಅಜ್ಲ್ ಪದ್ಧತಿ ಪ್ರವಾದಿಯವರ ಕಾಲದಲ್ಲೇ ಇತ್ತು, ಅದನ್ನು ನಿಷೇಧಿಸಲಿಲ್ಲವೆಂದು ಸಹಾಬಿ ಜಾಬಿರ್ ಹೇಳಿದ್ದು ಹದೀಸ್ ಸಂಗ್ರಹಗಳಲ್ಲಿದೆ. ಹೆಂಡತಿಯ ಒಪ್ಪಿಗೆ ಇಲ್ಲದೆ ಅದು ಸಲ್ಲದೆಂದು ಹಲವು ಫುಕಹಾಗಳು ತೀರ್ಪು ಕೊಟ್ಟರು. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿಯವರು 'ಇಹ್ಯಾ'ದ ನಿಕಾಹಿನ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರ ಮಾಡುತ್ತಾರೆ. ಅವರ ಗಮನ ಕ್ರಿಯೆಗಿಂತ ಹೆಚ್ಚಾಗಿ ಅದರ ಹಿಂದಿನ ನಿಯ್ಯತ್ತಿನ ಮೇಲೆ. ಹೆಂಡತಿಯ ಜೀವ, ಆರೋಗ್ಯ ಉಳಿಸಲು ಮಾಡಿದರೆ ಅಡ್ಡಿಯಿಲ್ಲ. ಮಕ್ಕಳು ಹೆಚ್ಚಾಗಿ ಸಂಸಾರ ಸಾಗಿಸಲು ಅಡ್ಡದಾರಿ ಹಿಡಿಯಬೇಕಾದೀತೆಂಬ ಅಂಜಿಕೆಯಿಂದ ಮಾಡಿದರೂ ಅಡ್ಡಿಯಿಲ್ಲ, ಅಲ್ಲಾಹನ ಮೇಲೆ ಭಾರ ಹಾಕುವುದು ಅದಕ್ಕಿಂತ ಮೇಲಿನದಾದರೂ. ಆದರೆ ಹೆಣ್ಣು ಮಗು ಹುಟ್ಟೀತೆಂಬ ಭಯದಿಂದ ಮಾಡಿದರೆ ಆ ನಿಯ್ಯತ್ತೇ ಕೆಟ್ಟದ್ದು. ಕ್ರಿಯೆ ಒಂದೇ, ಕಾರಣ ಬೇರೆ, ತೀರ್ಪೂ ಬೇರೆ.

ಈ ವಿಷಯದಲ್ಲಿ ಎಲ್ಲರೂ ಒಂದೇ ಅಭಿಪ್ರಾಯದವರಲ್ಲ. ಮೌಲಾನಾ ಮೌದೂದಿಯವರು ಸಂತಾನ ನಿಯಂತ್ರಣದ ಚಳವಳಿಯನ್ನು ಖಂಡಿಸಿ ಪುಸ್ತಕವನ್ನೇ ಬರೆದರು. ಅಲ್ ಅಝ್‌ಹರ್‌ನ ಮುಖ್ಯಸ್ಥರಾಗಿದ್ದ ಮಹ್ಮೂದ್ ಶಲ್ತೂತ್ ಕಾರಣವಿದ್ದ ದಂಪತಿಗಳಿಗೆ ಅವಕಾಶವಿದೆಯೆಂದರು. ಮೌದೂದಿಯವರ ನಿಲುವನ್ನು ನಾವು ಪೂರ್ತಿ ಒಪ್ಪದಿರಬಹುದು; ಆದರೆ ಬಡವನ ಹಸಿವಿಗೆ ಬಡವನ ಮಗುವೇ ಕಾರಣ ಎಂಬ ಪಶ್ಚಿಮದ ವಾದವನ್ನು ಅವರು ಶಂಕಿಸಿದ್ದರಲ್ಲಿ ತಪ್ಪು ಕಾಣುವುದಿಲ್ಲ. ಈಗಲೂ ಒಬ್ಬ ಅಮೆರಿಕನ್ ಪ್ರಜೆ ಗಾಳಿಗೆ ಬಿಡುವ ಇಂಗಾಲ ಒಬ್ಬ ಭಾರತೀಯ ಬಿಡುವುದರ ಏಳು ಪಟ್ಟಿನಷ್ಟಿದೆ. ಭೂಮಿಗೆ ಭಾರವಾದವರು ಯಾರೆಂದು ಕೇಳುವುದಾದರೆ ತಲೆ ಎಣಿಸಿದರೆ ಸಾಲದು, ತಟ್ಟೆಯನ್ನೂ ಗ್ಯಾರೇಜನ್ನೂ ಎಣಿಸಬೇಕಾಗುತ್ತದೆ.

ಗಝಾಲಿಯವರು ಕೆಟ್ಟದ್ದೆಂದ ನಿಯ್ಯತ್ತು ಈ ದೇಶದಲ್ಲಿ ಸ್ಕ್ಯಾನಿಂಗ್ ಯಂತ್ರ ಹಿಡಿದು ಬಂತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927, 2011ರಲ್ಲಿ 920ಕ್ಕೂ ಕೆಳಗೆ. ಭ್ರೂಣಲಿಂಗ ಪತ್ತೆಯ ವಿರುದ್ಧ 1994ರಲ್ಲೇ ಕಾನೂನು ಬಂದಿತ್ತು. ಚಿಕ್ಕ ಸಂಸಾರವೇ ಸುಖೀ ಸಂಸಾರ ಎಂದು ಗೋಡೆಗಳ ಮೇಲೆ ಬರೆಸಿದವರು, ಆ ಚಿಕ್ಕ ಸಂಸಾರದಲ್ಲಿ ಗಂಡಿಗೆ ಮಾತ್ರ ಜಾಗ ಉಳಿಯಬಹುದೆಂದು ಯೋಚಿಸಿರಲಿಕ್ಕಿಲ್ಲ. ಜನಸಂಖ್ಯೆ ತಗ್ಗಿತೆಂಬ ಸಂತೋಷದ ಅಂಕಿಯಲ್ಲಿ ಈ ಹುಡುಗಿಯರೂ ಸೇರಿದ್ದಾರೆ. ಜೀವಂತ ಹೂಳಲ್ಪಟ್ಟ ಹೆಣ್ಣುಕೂಸನ್ನು ಅಂತ್ಯದಿನದಲ್ಲಿ ವಿಚಾರಿಸಲಾಗುವುದೆಂದು ಕುರ್‌ಆನ್ ಹೇಳುವುದನ್ನು ಬಲ್ಲವರು ಈ ಅಂಕಿಯನ್ನು ಇನ್ನೊಂದು ಸಲ ಓದಬೇಕು.

ಎಣಿಸುವವರ ಮನಸ್ಸು ಎಷ್ಟು ಬೇಗ ಬದಲಾಗುತ್ತದೆಂದೂ ನೋಡಿ. ಚೀನಾ 1980ರ ಸುಮಾರಿಗೆ ಒಂದೇ ಮಗು ಎಂದಿತು, 2016ರಲ್ಲಿ ಎರಡು, 2021ರಲ್ಲಿ ಮೂರು. 2022ರಿಂದ ಅಲ್ಲಿ ಜನ ಕಡಿಮೆಯಾಗತೊಡಗಿದ್ದಾರೆ. ಇರಾನಿನಲ್ಲಿ 1980ರ ದಶಕದಲ್ಲಿ ಆರು ದಾಟಿದ್ದ ಫಲವತ್ತತೆಯ ದರ ಇಪ್ಪತ್ತೇ ವರ್ಷಗಳಲ್ಲಿ ಎರಡರ ಹತ್ತಿರ ಬಂತು. ಹಳ್ಳಿಯ ಆರೋಗ್ಯ ಕೇಂದ್ರ, ಹುಡುಗಿಯರ ಶಾಲೆ, ಮದುವೆಗೆ ಮೊದಲು ಕಡ್ಡಾಯ ತಿಳಿವಳಿಕೆ, ಉಲಮಾಗಳ ಒಪ್ಪಿಗೆ ಎಲ್ಲ ಕೂಡಿ ಆದ ಕೆಲಸ ಅದು. ಅದೇ ಇರಾನ್ 2021ರಲ್ಲಿ ಗರ್ಭನಿರೋಧಕಗಳ ಉಚಿತ ಹಂಚಿಕೆಗೆ ತಡೆ ಹಾಕುವ ಕಾನೂನು ಮಾಡಿತು. ನಮ್ಮ ನೆರೆಯ ಆಂಧ್ರ ಪ್ರದೇಶದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯತಿ ಚುನಾವಣೆಗೆ ನಿಲ್ಲುವಂತಿರಲಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟು ಹರ್ಯಾಣದ ಇಂಥದೇ ನಿಯಮವನ್ನು ಎತ್ತಿಹಿಡಿದಿತ್ತು. ಆಂಧ್ರ ಆ ನಿಯಮವನ್ನು 2024ರಲ್ಲಿ ತೆಗೆದುಹಾಕಿತು, ಅದೇ ವರ್ಷ ಅಲ್ಲಿನ ಮುಖ್ಯಮಂತ್ರಿ ಹೆಚ್ಚು ಮಕ್ಕಳನ್ನು ಹೆರಲು ಕರೆಕೊಟ್ಟರು. ಮೂರನೆಯದನ್ನು ಹೆತ್ತು ಪಂಚಾಯತಿಯ ಕುರ್ಚಿ ಕಳೆದುಕೊಂಡ ಹೆಂಗಸಿಗೂ, ಮೂರನೆಯದು ಬೇಡವೆಂದು ನಿಲ್ಲಿಸಿದ ಅವಳ ಮಗಳಿಗೂ ಸರ್ಕಾರ ತಪ್ಪು ಮಾಡಿದಿರಿ ಎನ್ನುತ್ತಿದೆ.

ದಕ್ಷಿಣದ ಭಯಕ್ಕೆ ಕಾರಣವಿಲ್ಲದಿಲ್ಲ. ರಾಜ್ಯಗಳ ಲೋಕಸಭಾ ಸ್ಥಾನಗಳನ್ನು 1971ರ ಜನಗಣತಿಯ ಮೇಲೆ ಗೊತ್ತುಮಾಡಿ, 1976ರಲ್ಲಿ ಅಲ್ಲಿಗೇ ಸ್ಥಗಿತಗೊಳಿಸಲಾಯಿತು. ಜನ ಕಡಿಮೆ ಮಾಡಿದ ರಾಜ್ಯಕ್ಕೆ ನಷ್ಟವಾಗಬಾರದೆಂಬುದೇ ಅದರ ಉದ್ದೇಶ. ಅದನ್ನು ತೆರೆದು ಹಂಚಿದರೆ ಕರ್ನಾಟಕದ 28 ಸ್ಥಾನಗಳ ತೂಕ ಇಳಿಯುವುದು ಖಂಡಿತ. ಆದರೆ ಒಕ್ಕೂಟದಲ್ಲಿ ನ್ಯಾಯ ಹೇಗೆ ಹಂಚಬೇಕೆಂಬ ಪ್ರಶ್ನೆಗೆ ಉತ್ತರವನ್ನು ಹೆರಿಗೆ ವಾರ್ಡಿನಲ್ಲಿ ಹುಡುಕುವುದು ಯಾವ ನ್ಯಾಯ? ನೆರೆಯ ಸಮುದಾಯ ಹೆಚ್ಚಾಯಿತೆಂಬ ಭಯವನ್ನು ಖಂಡಿಸುವ ಕನ್ನಡಿಗ ಸ್ನೇಹಿತರು, ಬಿಹಾರದವರು ಹೆಚ್ಚಾದರೆಂದು ಅದೇ ಧಾಟಿಯಲ್ಲಿ ಮಾತಾಡುವುದನ್ನು ಈಚೆಗೆ ಕೇಳುತ್ತಿದ್ದೇವೆ. ನಾವೂ ಒಂದೆರಡು ಸಲ ಆಡಿರಬಹುದು.

ಕರಾವಳಿಯ ನಮ್ಮ ಊರುಗಳಲ್ಲಿ ಈಗ ಬೇರೊಂದೇ ದೃಶ್ಯ. ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಎರಡಂತಸ್ತಿನ ಮನೆ, ಅಂಗಳದಲ್ಲಿ ಇಂಟರ್‌ಲಾಕ್, ಒಳಗೆ ಇಬ್ಬರು ವೃದ್ಧರು. ಒಬ್ಬ ಮಗ ದಮ್ಮಾಮಿನಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಮಗಳು ಮಸ್ಕತ್ತಿನಲ್ಲಿ. ಪಕ್ಕದ ಬಂಟರ ಮನೆಯಲ್ಲಿ, ಅದರಾಚೆಯ ಕ್ರೈಸ್ತರ ಮನೆಯಲ್ಲಿ ಮುಂಬಯಿ, ದುಬೈ ಎಂದು ಊರಿನ ಹೆಸರು ಬದಲಾಗುತ್ತದೆ, ಅಷ್ಟೆ. 2011ರಲ್ಲಿ ದೇಶದ ಜನರಲ್ಲಿ ಅರವತ್ತು ದಾಟಿದವರು ನೂರಕ್ಕೆ ಎಂಟೂವರೆಯಷ್ಟಿದ್ದರು. 2036ರ ಹೊತ್ತಿಗೆ ಅವರು ಹದಿನೈದರ ಹತ್ತಿರ ಹೋಗುತ್ತಾರೆಂದು ಸರ್ಕಾರದ ಅಂದಾಜು. ಈ ವೃದ್ಧರನ್ನು ನೋಡಿಕೊಳ್ಳಲು ಬರುವ ಹುಡುಗಿ ಉತ್ತರ ಕರ್ನಾಟಕದವಳು, ತೋಟದಲ್ಲಿ ಅಡಿಕೆ ಸುಲಿಯುವ ಹುಡುಗ ಅಸ್ಸಾಮಿನವನು. ಊರಿನ ಹೋಟೆಲಿನಲ್ಲಿ ಕುಳಿತು ಹೊರಗಿನವರು ಹೆಚ್ಚಾದರೆಂದು ಹೇಳುವವರಿಗೆ ಚಹಾ ತಂದಿಡುವವನೂ ಅವನ ಊರಿನವನೇ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಸರ್ಕಾರ ಗೊತ್ತುಮಾಡಿತು. ಈ ಸಲ ಜಾತಿಯನ್ನೂ ಬರೆದುಕೊಳ್ಳುತ್ತಾರಂತೆ. ಅಂಕಿ ಬಂದ ಮರುದಿನವೇ ಯಾರು ಎಷ್ಟು ಹೆಚ್ಚಾದರೆಂಬ ಚರ್ಚೆ ಟಿವಿಯಲ್ಲಿ ಶುರುವಾಗುತ್ತದೆ. ಎಣಿಕೆಗೆ ಬಂದ ಟೀಚರಮ್ಮ ಎರಡಂತಸ್ತಿನ ಮನೆಯ ಆ ಅಜ್ಜಿಯನ್ನು 'ಮನೆಯಲ್ಲಿ ಎಷ್ಟು ಜನರಮ್ಮಾ?' ಎಂದು ಕೇಳಬಹುದು. 'ನಾವು ಒಂಬತ್ತು ಮಂದಿ' ಎಂದು ಅಜ್ಜಿ ಮಕ್ಕಳ, ಮೊಮ್ಮಕ್ಕಳ ಹೆಸರು ಹೇಳತೊಡಗುತ್ತಾರೆ. ಟೀಚರಮ್ಮ ಸಂಕೋಚದಿಂದ, 'ಅಲ್ಲಮ್ಮಾ, ಇಲ್ಲೇ ಇರುವವರು' ಎಂದು ತಿದ್ದಿ, ಎರಡು ಎಂದು ಬರೆದುಕೊಳ್ಳುತ್ತಾರೆ.